ಷಿಕಾಗೋದ ಗಾಡಿಯವನ ಗಡ್ಡ

ನಮ್ಮ ನಾಟಕ ಕಂಪನಿಯ ಬಣ್ಣದ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ನಟ ಬಂದು ಮುಂದೆ ಕೂತ ಮೇಲೆ ಬಣ್ಣದವನು ಉಂಗುರದ ಬೆರಳಿಗೆ ಬಣ್ಣ ತೆಗೆದುಕೊಂಡು, ಅವನ ಹಣೆಯ ಹತ್ತಿರ ಹಿಡಿದು, "ಅಪ್ಪಣೆಯೇ?" ಎಂದು ಕೇಳಬೇಕು. ನಟ "ಹೂಂ" ಅನ್ನಬೇಕು. ಆಮೇಲೆಯೇ ಬೆರಳು ಚರ್ಮಕ್ಕೆ ತಾಗಬೇಕು. ಮುಖ ಅವನದು, ನಾವು ಒಂದಿಷ್ಟು ಹೊತ್ತಿಗೆ ಇಸಕೊಳ್ಳುವವರು ಎಂದು ನನ್ನ ಗುರುಗಳು ಹೇಳುತ್ತಿದ್ದರು. ಒಮ್ಮೆ ರಾಜನ ಪಾತ್ರದವನು ಕುಡಿದು ಬಂದು ಕುರ್ಚಿಯಲ್ಲೇ ನಿದ್ದೆ ಹೋದ. ಕೊನೆಯ ಬೆಲ್ಲು ಹೊಡೆದರೂ, ಮಾಲೀಕರು ಬಂದು ಕೂಗಾಡಿದರೂ ಗುರುಗಳು ಬೆರಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು. ಆ ಪುಣ್ಯಾತ್ಮ ನಿದ್ದೆಗಣ್ಣಲ್ಲಿ "ಹೂಂ" ಅಂದ ಮೇಲೆಯೇ ಕೆಲಸ ಶುರುವಾಯಿತು. ಅದುವರೆಗೆ ಹಾಸ್ಯಗಾರ ಪರದೆಯ ಮುಂದೆ ಏನೇನೋ ಹಾಡಿ ಜನರನ್ನು ಹಿಡಿದು ಕೂರಿಸಿದ್ದ.

ಕಂಪನಿ ಮುಚ್ಚಿದ ಮೇಲೆ ನಾನು ಗುಬ್ಬಿಯ ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ಅಂಗಡಿ ಇಟ್ಟುಕೊಂಡೆ. ಶಾಲೆಗಳ ವಾರ್ಷಿಕೋತ್ಸವ, ಊರೂರಿನ ಪೌರಾಣಿಕ ನಾಟಕ, ಅಪರೂಪಕ್ಕೆ ಒಂದು ಮದುವೆ ಹೆಣ್ಣು, ಇಷ್ಟೇ ಕೆಲಸ. ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ. ಕೊಳಲು ಹಿಡಿದು ಬಂದ ಎಲ್‌ಕೆಜಿ ಕೃಷ್ಣನಿಗೂ "ಅಪ್ಪಣೆಯೇ?" ಎಂದು ಕೇಳುತ್ತಿದ್ದೆ. ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ತಾಯಂದಿರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಏಪ್ರಿಲ್ ತಿಂಗಳ ಬಿಸಿಲಲ್ಲಿ ತುಮಕೂರಿನ ಒಂದು ಕಾರ್ಮಿಕ ಸಂಘದ ಕಾರ್ಯದರ್ಶಿ ನನ್ನ ಅಂಗಡಿ ಹುಡುಕಿಕೊಂಡು ಬಂದರು. ಮೇ ದಿನಕ್ಕೆ ಸಂಘದವರೇ ನಾಟಕ ಆಡುತ್ತಾರಂತೆ, ಬಣ್ಣಕ್ಕೆ ನಾನು ಬರಬೇಕಂತೆ. ಯಾರ ಪಾತ್ರಗಳು ಎಂದು ಕೇಳಿದೆ. ಅಮೆರಿಕದ ಷಿಕಾಗೋ ನಗರದ ಹೆಸರಾಂತ ವ್ಯಕ್ತಿಗಳು ಎಂದು ಹೇಳಿ ಒಂದು ಹಳೆಯ ಕಿರುಹೊತ್ತಗೆ ಮುಂದಿಟ್ಟರು. ಅದರಲ್ಲಿ ಎಂಟು ಜನರ ಮುಖಗಳು ಇದ್ದವು. ಎಲ್ಲರಿಗೂ ಕರೀ ಕೋಟು, ಬಿಗಿದ ಕಾಲರು, ಕೆಲವರಿಗೆ ಹುರಿಮೀಸೆ, ಒಬ್ಬನಿಗೆ ಎದೆಯವರೆಗೆ ಗಡ್ಡ. ನಾನು ಅಕ್ಷರ ಓದುವ ಗೋಜಿಗೆ ಹೋಗಲಿಲ್ಲ. ಬಣ್ಣದವನಿಗೆ ಚಿತ್ರ ಸಿಕ್ಕರೆ ಸಾಕು. ಕೋಟು ನೋಡಿದೆ, ಹೆಸರಾಂತರು ಅಂದದ್ದು ಕೇಳಿದೆ, ದೊರೆಗಳು ಎಂದು ತೀರ್ಮಾನ ಮಾಡಿಕೊಂಡೆ.

ಕಂಪನಿಯಲ್ಲಿ ದೊರೆ ವೇಷಕ್ಕೆ ಒಂದು ಸಿದ್ಧ ಲೆಕ್ಕಾಚಾರವಿತ್ತು. ಜಿಂಕ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮುಖ ಕುತ್ತಿಗೆಗೆ ಬಿಳುಪು ಹಚ್ಚಬೇಕು, ಕೆನ್ನೆಗೂ ಮೂಗಿನ ತುದಿಗೂ ಗುಲಾಬಿ ತೀಡಬೇಕು, ಹುಬ್ಬಿಗೆ ಕಂದು ಬಣ್ಣ. ಅಷ್ಟು ಮಾಡಿದರೆ ನಮ್ಮ ಅಡುಗೆಭಟ್ಟನೂ ದೊರೆಯಾಗಿ ಬಿಡುತ್ತಿದ್ದ. ಆ ವಾರವೇ ನನ್ನ ತಗಡಿನ ಪೆಟ್ಟಿಗೆ ಎತ್ತಿಕೊಂಡು ತುಮಕೂರಿಗೆ ಹೋದೆ.

ಸಂಘದ ಕಚೇರಿ ಅಂದರೆ ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ. ಶಿಫ್ಟು ಮುಗಿಸಿ ಬಂದ ಎಂಟು ಜನ ಸಾಲಾಗಿ ಕೂತಿದ್ದರು. ಒಬ್ಬೊಬ್ಬರನ್ನೇ ಅಪ್ಪಣೆ ಕೇಳಿ ಬಿಳುಪು ಮಾಡುತ್ತ ಬಂದೆ. ಕೊನೆಯವನು ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದ. ನನ್ನ ಕಡೆ ತಿರುಗಿದಾಗ ಬೆರಳು ಹಿಡಿದವನು ಹಾಗೇ ನಿಂತುಬಿಟ್ಟೆ. ಎಡಗೆನ್ನೆಯಿಂದ ಹಿಡಿದು ದವಡೆ ದಾಟಿ ಕುತ್ತಿಗೆಯವರೆಗೆ ಸುಟ್ಟು ಕರಗಿ ಮತ್ತೆ ಕೂಡಿಕೊಂಡ ಚರ್ಮ. ಬಾಯಿಯ ಎಡ ಮೂಲೆಯನ್ನು ಯಾರೋ ಕೆಳಗೆ ಎಳೆದು ಹಿಡಿದ ಹಾಗಿತ್ತು. ವಸಂತನರಸಾಪುರದ ಕಡೆಯ ಒಂದು ಎರಕದ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಅಚ್ಚಿನಲ್ಲಿ ತೇವ ಉಳಿದಿತ್ತು, ಕಾದ ಲೋಹ ಹೊಯ್ದಾಗ ಹಬೆ ಎದ್ದು ಸಿಡಿಯಿತು ಎಂದು ಆಮೇಲೆ ಹೇಳಿದ. ವಾಸಿಯಾದ ಮೇಲೆ ಅದೇ ಕಾರ್ಖಾನೆಯಲ್ಲಿ ಬೇರೆ ವಿಭಾಗಕ್ಕೆ ಹಾಕಿದ್ದರು.

"ಅಪ್ಪಣೆಯೇ?" ಎಂದೆ.

"ಹೂಂ," ಅಂದ. ಆ ಮುಖದಿಂದ ಅಂಥ ದನಿ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ತುಂಬಿದ ದನಿ. ಕಂಪನಿಯ ಕಾಲವಾಗಿದ್ದರೆ ಮಾಲೀಕರು ಆ ದನಿಗೇ ಅವನನ್ನು ಎತ್ತಿಕೊಂಡು ಹೋಗುತ್ತಿದ್ದರು.

ಬಿಳುಪು ಆ ಚರ್ಮದ ಮೇಲೆ ನಿಲ್ಲಲಿಲ್ಲ. ಹಳೆ ಗೋಡೆಯ ಸುಣ್ಣದಂತೆ ಬಿರುಕು ಬಿಟ್ಟಿತು. ಅಷ್ಟರಲ್ಲಿ ಕೆಲವರ ಮನೆಯವರು ತಿಂಡಿ ತಂದಿದ್ದರು. ಎಂಟು ಜನ ಬೆಳ್ಳಗೆ ಎದ್ದು ನಿಂತದ್ದೇ ತಡ, ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದರು. ನಗು ಸುಟ್ಟ ಮುಖದವನ ಹತ್ತಿರ ಬಂದು ನಿಂತಿತು.

ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದು ಆ ಎಂಟು ಜನ ಯಾರು ಎಂದು ಮೊದಲಿನಿಂದ ಹೇಳಿದರು. ದೊರೆಗಳಲ್ಲ. ಒಬ್ಬ ಅಚ್ಚಿನ ಮೊಳೆ ಜೋಡಿಸುವವನು, ಒಬ್ಬ ಬಡಗಿ, ಒಬ್ಬ ಪುಸ್ತಕಕ್ಕೆ ರಟ್ಟು ಕಟ್ಟುವವನು. ಗಡ್ಡದವನು ಕಲ್ಲು ಹೇರುವ ಗಾಡಿಯವನು. ಹೆಚ್ಚಿನವರು ಷಿಕಾಗೋದಲ್ಲಿ ಹುಟ್ಟಿದವರೂ ಅಲ್ಲ, ಹೊಟ್ಟೆಪಾಡಿಗೆ ದೂರ ದೇಶದಿಂದ ಬಂದವರು. ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂದು ಕೇಳಿದರು. ಸಭೆಯಲ್ಲಿ ಯಾರೋ ಬಾಂಬು ಎಸೆದರು, ಯಾರು ಎಂದು ಸಾಬೀತಾಗಲೇ ಇಲ್ಲ, ಇವರನ್ನು ಹಿಡಿದರು. ನಾಲ್ವರನ್ನು ನೇಣಿಗೆ ಹಾಕಿದರು, ಒಬ್ಬ ಸೆರೆಮನೆಯಲ್ಲೇ ಸತ್ತ, ಉಳಿದವರನ್ನು ಎಷ್ಟೋ ವರ್ಷದ ಮೇಲೆ ಬಿಟ್ಟರು. ಕೊಂದ ಊರೇ ಈಗ ಅವರನ್ನು ತನ್ನ ಹೆಸರಾಂತರ ಸಾಲಿನಲ್ಲಿ ಹೇಳಿಕೊಳ್ಳುತ್ತದೆ. ಫೋಟೋ ತೆಗೆಸಿಕೊಳ್ಳುವ ದಿನ ಯಾರಾದರೂ ಇರುವುದರಲ್ಲಿ ಒಳ್ಳೆ ಬಟ್ಟೆ ಹಾಕಿಕೊಳ್ಳುವುದಿಲ್ಲವೇ, ಕೋಟು ಅದಕ್ಕೇ ಎಂದರು.

ನನಗೆ ಮುಖ ಎತ್ತಲಾಗಲಿಲ್ಲ. ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಎಲ್ಲರ ಬಿಳುಪನ್ನೂ ನಾನೇ ಒರೆಸಿದೆ. ಇನ್ನು ಇವರ ಮೈಬಣ್ಣ ಇವರದೇ ಇರಲಿ, ಕಾಲರು, ಮೀಸೆ, ಗಡ್ಡ ಸಾಕು ಎಂದು ಹೇಳಿದೆ. ಯಾರಿಗೂ ಬೇಜಾರಾಗಲಿಲ್ಲ. ದೊರೆತನ ಹೋಗಿದ್ದಕ್ಕೆ ಒಬ್ಬ ಫಿಟ್ಟರು ಮಾತ್ರ ಸ್ವಲ್ಪ ಪೇಚಾಡಿದ.

ಎಲ್ಲರೂ ಹೋದ ಮೇಲೂ ಸುಟ್ಟ ಮುಖದವನು ಉಳಿದುಕೊಂಡ. ಗಡ್ಡದ ಗಾಡಿಯವನ ಪಾತ್ರ ಅವನದು. ಮೊದಲು ಕಾರ್ಯದರ್ಶಿ ಅವನ ದನಿ ಕೇಳಿ ನೇಣುಗಂಬದ ಮುಂದೆ ಮಾತಾಡುವವನ ಪಾತ್ರ ಕೊಟ್ಟಿದ್ದರಂತೆ. ಇವನೇ ಬೇಡವೆಂದು ಬದಲಾಯಿಸಿಕೊಂಡಿದ್ದ.

"ನನ್ ಮಗ್ಳು ನೋಡಕ್ ಬತ್ತಾಳೆ ಮೇಷ್ಟ್ರೇ," ಅಂದ. "ಅವ್ಳ ಮುಂದೆ ನನ್ನ ನೇಣಿಗಾಕೋದ್ ಬ್ಯಾಡ. ಈ ಗಾಡಿಯವ್ನು ಬದುಕ್ಕಂತಾನೆ. ಅದ್ಕೇ ಇದ್ನ ಇಸ್ಕಂಡೆ."

ಆಮೇಲೆ ವಿಷಯ ಬಿಚ್ಚಿದ. ಮಗುವಿಗೆ ಆಗ ಅಂಗನವಾಡಿಗೆ ಹೋಗುವ ವಯಸ್ಸು. ಆಸ್ಪತ್ರೆಯಿಂದ ಬೆಳ್ಳಾವಿಯ ಮನೆಗೆ ಹೋದ ದಿನ ಇವನನ್ನು ನೋಡಿ ಚೀರಿಕೊಂಡು ಹಿತ್ತಿಲಿಗೆ ಓಡಿತಂತೆ. ಜ್ವರ ಬಂದು ಮಲಗಿತಂತೆ. ಅಂದಿನಿಂದ ಇವನು ಮಗು ಮಲಗಿದ ಮೇಲೆ ಮನೆಗೆ ಹೋಗುತ್ತಾನೆ, ಏಳುವ ಮೊದಲು ಹೊರಡುತ್ತಾನೆ. ರಜೆಯ ದಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಆ ಕಡೆಯಿಂದ ಕಥೆ ಹೇಳುತ್ತಾನೆ. ಮಗು ಈ ಕಡೆ ಕೂತು ಕೇಳುತ್ತದೆ. ದನಿಗೆ ಹೆದರುವುದಿಲ್ಲ. ಬಾಗಿಲು ಅಲುಗಿದರೆ ಎದ್ದು ಹೋಗುತ್ತದೆ.

"ಒಂದೇ ಒಂದ್ಸಲ ಅವ್ಳು ನನ್ನ ನೆಟ್ಟಗೆ ನೋಡಂಗೆ ಮಾಡ್ಕೊಡಿ. ಗಡ್ಡ ಬಂದ್ರೆ ಇದೆಲ್ಲ ಮುಚ್ಕಂತದಲ್ವಾ," ಎಂದು ಕೆನ್ನೆ ತೋರಿಸಿದ.

ಮಾಡಿಕೊಡುತ್ತೇನೆ ಎಂದೆ. ಮಾತು ಕೊಡುವುದೇನು ಸುಲಭ. ಗಡ್ಡ ಅಂಟಿಸುವುದು ಸ್ಪಿರಿಟ್ ಗಮ್‌ನಿಂದ. ಅದನ್ನು ಹಚ್ಚಿ, ಸ್ವಲ್ಪ ಆರಲು ಬಿಟ್ಟು, ಉಣ್ಣೆಯಿಂದ ಮಾಡಿದ ಕ್ರೇಪ್ ಕೂದಲನ್ನು ಎಸಳೆಸಳಾಗಿ ಇಟ್ಟು ಒತ್ತುತ್ತೇವೆ. ಒಳ್ಳೆ ಚರ್ಮಕ್ಕೇ ಅದು ಚುರ್ ಅನ್ನುತ್ತದೆ. ಮಾರನೆಯ ದಿನ ಅವನ ಸುಟ್ಟ ಕೆನ್ನೆಯ ಮೇಲೆ ಒಂದು ಬೊಟ್ಟಿನಷ್ಟು ಹಚ್ಚಿ ನೋಡಿದೆ. ಅವನು ಹಲ್ಲು ಕಚ್ಚಿಕೊಂಡು ಕೂತ. ತೆಗೆದು ನೋಡಿದರೆ ಅಷ್ಟಗಲ ಕೆಂಪಗೆ ಬೊಕ್ಕೆ ಎದ್ದಿತ್ತು. ಇದು ಆಗುವ ಕೆಲಸವಲ್ಲ, ಪಾತ್ರ ಬೇರೆಯವರಿಗೆ ಕೊಡಿ ಎಂದು ಕಾರ್ಯದರ್ಶಿಗೆ ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡ, ಉರಿಯಾದರೆ ಆಗಲಿ ಎಂದ. ನಾನು ಒಪ್ಪಲಿಲ್ಲ. ಇನ್ನೊಬ್ಬರ ಮುಖಕ್ಕೆ ನೋವು ಮಾಡಿ ವೇಷ ಕಟ್ಟುವುದನ್ನು ನನ್ನ ಗುರುಗಳು ಕಲಿಸಿರಲಿಲ್ಲ.

ಎರಡನೆಯ ದಾರಿ ಹುಡುಕಿದೆ. ಗಡ್ಡವನ್ನು ದಾರದಿಂದ ಎರಡೂ ಕಿವಿಗೆ ಕಟ್ಟಿ ನೋಡಿದೆ. ಮಾತಾಡಿದಾಗ ಗಲ್ಲದ ಜೊತೆ ಅದೂ ಎದ್ದು ಬಿದ್ದು, ಊರ ಹಬ್ಬದ ಕೋಡಂಗಿ ವೇಷದಂತೆ ಕಂಡಿತು. ಕ್ರೇಪ್ ಕೂದಲು ಬೆಳಕಿಗೆ ನಾರಿನಂತೆ ಹೊಳೆಯುತ್ತಿತ್ತು. ದೂರದಲ್ಲಿ ಕೂತವರು ಒಪ್ಪಬಹುದು, ಹತ್ತಿರ ಬಂದ ಮಗು ಒಪ್ಪುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಹತ್ತಿರ ಬರುವ ಮಗು.

ನನ್ನ ಹತ್ತಿರ ಒಂದು ಗಡ್ಡ ಇತ್ತು. ಗುರುಗಳು ಕಂಪನಿಯ ಋಷಿ ಪಾತ್ರಕ್ಕೆ ನಿಜವಾದ ಕೂದಲಿನಿಂದ ಮಾಡಿದ್ದು. ತೆಳ್ಳನೆಯ ಜಾಲರಿ ಬಟ್ಟೆಗೆ ಸಣ್ಣ ಕೊಕ್ಕೆಯಿಂದ ಎರಡೆರಡೇ ಕೂದಲು ಎಳೆದು ಗಂಟು ಹಾಕಿದ್ದು. ಇಡೀ ಒಂದು ಮಳೆಗಾಲ, ಕಂಪನಿಗೆ ಆಟವಿಲ್ಲದಾಗ, ಅವರು ಕಿಟಕಿಯ ಹತ್ತಿರ ಕೂತು ಅದನ್ನು ಕಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಕಣ್ಣು ಮುಚ್ಚುವ ಮೊದಲು ನನಗೆ ಕೊಟ್ಟರು. ಬಿಸ್ಕೆಟ್ ಡಬ್ಬಿಯಲ್ಲಿ ಕರ್ಪೂರದ ಜೊತೆ ಇಟ್ಟಿದ್ದೆ. ಎಷ್ಟೋ ನಾಟಕದವರು ಬಾಡಿಗೆಗೆ ಕೇಳಿದ್ದರು, ಕೊಟ್ಟಿರಲಿಲ್ಲ. ಇದನ್ನು ಅವನ ಮುಖಕ್ಕೆ ಹೊಂದಿಸಬೇಕಾದರೆ ಕತ್ತರಿಸಲೇಬೇಕು. ಒಮ್ಮೆ ಕತ್ತರಿಸಿದರೆ ಮತ್ತೆ ಋಷಿಗೆ ಆಗುವುದಿಲ್ಲ. ಡಬ್ಬಿ ತೆಗೆದು ಮುಂದಿಟ್ಟುಕೊಂಡು ಒಂದು ಬೆಳಗ್ಗೆಯೆಲ್ಲ ಕೂತಿದ್ದೆ. ಅಳು ಬಂತು, ಅತ್ತೆ. ಆಮೇಲೆ ಕತ್ತರಿ ತೆಗೆದುಕೊಂಡೆ.

ಅವನ ದವಡೆಗೆ ಕಾಗದ ಒತ್ತಿ ಅಳತೆ ತೆಗೆದೆ. ಬಲಗಡೆ ಒಳ್ಳೆ ಚರ್ಮವಿತ್ತು, ಅಲ್ಲಿ ಮಾತ್ರ ಗಮ್. ಮೇಲ್ತುಟಿಗೂ ಗಮ್. ಎಡಗಡೆ ಜಾಲರಿಯ ಅಂಚಿಗೆ ಮೈಬಣ್ಣದ ತೆಳು ಎಲಾಸ್ಟಿಕ್ ಹೊಲಿದು, ಕಿವಿಯ ಹಿಂದಿನಿಂದ ತಂದು ತಲೆಗೂದಲಿನ ಒಳಗೆ ಪಿನ್ನು ಹಾಕಿದೆ. ಸುಟ್ಟ ಚರ್ಮಕ್ಕೆ ತಾಗುವ ಕಡೆ ಹಳೆಯ ಮಲ್ ಪಂಚೆಯ ತುಂಡನ್ನು ಒಳಪದರವಾಗಿ ಕೊಟ್ಟೆ. ಬಾಯಿ ಆಡಿದಾಗ ಎಳೆಯದಿರಲಿ ಎಂದು ಗಲ್ಲದ ಕೆಳಗೆ ಒಂದು ಮಡಿಕೆ ಸಡಿಲ ಬಿಟ್ಟೆ. ಮೂರು ಸಲ ಬಿಚ್ಚಿ ಹೊಲಿದ ಮೇಲೆ ಅದು ಕೂತಿತು. ಕನ್ನಡಿ ಕೊಟ್ಟೆ. ಅವನು ಬಹಳ ಹೊತ್ತು ನೋಡಿಕೊಂಡ. ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದ. ಕಣ್ಣೀರು ಬಂದರೆ ಗಮ್ ಬಿಡುತ್ತದೆ ಕಣಯ್ಯಾ ಎಂದು ಗದರಿದೆ, ನನ್ನ ಕಣ್ಣನ್ನೂ ಒರೆಸಿಕೊಳ್ಳಬೇಕಾಗಿತ್ತು.

ಮೇ ದಿನದ ಸಂಜೆ ತುಮಕೂರಿನ ಒಂದು ಬಯಲಿನಲ್ಲಿ ನಾಟಕ. ಟ್ರಾಕ್ಟರ್ ಟ್ರೈಲರೇ ವೇದಿಕೆ. ಗಾಡಿಯವನು ಸಭೆಯಲ್ಲಿ ಮಾತಾಡುತ್ತಿರುವಾಗ ಪೊಲೀಸರು ಬರುವ ದೃಶ್ಯ. ಅವನ ಹೆಂಡತಿ ಮಗುವನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವನು ಟ್ರೈಲರ್ ಹತ್ತಿ ಮೊದಲ ಮಾತು ಆಡಿದ್ದೇ, ಮಣ್ಣಲ್ಲಿ ಆಡುತ್ತಿದ್ದ ಮಗು ತಲೆ ಎತ್ತಿತು. ಬಾಗಿಲ ಹಿಂದಿನ ದನಿ ಅದು. ಮಗು ಎದ್ದು ನಿಂತುಕೊಂಡಿತು. ನಾಟಕ ಮುಗಿಯುವವರೆಗೂ ಕೂರಲಿಲ್ಲ.

ಮುಗಿದ ಮೇಲೆ ಅವನು ಟ್ರೈಲರ್‌ನಿಂದ ಇಳಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಹತ್ತಿರ ಹೋಗಲಿಲ್ಲ. ಮಗುವೇ ಬಂತು. ಗಡ್ಡ ಮುಟ್ಟಿತು, ಆಮೇಲೆ ಮೀಸೆ, ಆಮೇಲೆ ಹಣೆ. "ಅಪ್ಪಾ, ಗಡ್ಡ ಬಂದೈತೆ," ಅಂತು. ಅವನು ಎತ್ತಿಕೊಂಡ. ಎಷ್ಟು ತಿಂಗಳ ಮೇಲೆ ಎತ್ತಿಕೊಂಡಿದ್ದನೋ, ಕೆಳಗೆ ಇಳಿಸಲೇ ಇಲ್ಲ. ಹೆಂಡತಿ ಟ್ರೈಲರ್ ಚಕ್ರಕ್ಕೆ ಒರಗಿ ಅಳುತ್ತಿದ್ದಳು. ನನ್ನ ಜೀವಮಾನದಲ್ಲಿ ಎಷ್ಟೋ ಚಪ್ಪಾಳೆ ಕೇಳಿದ್ದೇನೆ, ಅಂಥ ಸಂತೋಷ ಯಾವುದೂ ಕೊಟ್ಟಿಲ್ಲ.

ಕಂಪನಿಯ ಇನ್ನೊಂದು ಪದ್ಧತಿ, ಆಟ ಮುಗಿದ ಮೇಲೆ ಗಡ್ಡ ಮೀಸೆ ಪೆಟ್ಟಿಗೆಗೆ ಬರಬೇಕು, ನಟನ ಜೊತೆ ಮನೆಗೆ ಹೋಗಕೂಡದು. ನಾನು ಎಣ್ಣೆ, ಹತ್ತಿ ಹಿಡಿದು ಕಾಯುತ್ತಿದ್ದೆ. ಅವನು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಮಗು ನಿದ್ದೆ ಹೋಗಿತ್ತು, ಮುಷ್ಟಿಯಲ್ಲಿ ಗಡ್ಡ ಹಿಡಿದುಕೊಂಡಿತ್ತು. ನಾನು ಎಣ್ಣೆ ಬಾಟಲಿಯ ಮುಚ್ಚಳ ಹಾಕಿದೆ. ಹಾಕುವುದು ತೆಗೆಯುವುದು ಹೇಗೆ ಎಂದು ಹೆಂಡತಿಗೆ ಹೇಳಿಕೊಟ್ಟೆ.

ಆ ನಾಟಕ ಆಮೇಲೆ ಗುಬ್ಬಿಯಲ್ಲೂ ಆಯಿತು. ಗಡ್ಡ ಬೆಳ್ಳಾವಿಯಲ್ಲೇ ಉಳಿಯಿತು. ಎರಡು ಮೂರು ವಾರಕ್ಕೊಮ್ಮೆ ಅವನು ಕಳಚಿದ ಗಂಟು ಸರಿಮಾಡಿಸಿಕೊಳ್ಳಲು ನನ್ನ ಅಂಗಡಿಗೆ ಬರುತ್ತಿದ್ದ. ಒಮ್ಮೊಮ್ಮೆ ಮಗುವೂ ಜೊತೆಗೆ. ಹೊರಗೆ ಅದಕ್ಕೆ ಬಾಳೆಹಣ್ಣು ಕೊಟ್ಟು ಕೂರಿಸಿ, ಒಳಗೆ ಪರದೆಯ ಹಿಂದೆ ನಾವು ಕೆಲಸ ಮಾಡುತ್ತಿದ್ದೆವು. ನಾನು "ಅಪ್ಪಣೆಯೇ?" ಅನ್ನುವುದು, ಅವನು "ಹೂಂ" ಅನ್ನುವುದು ಅದಕ್ಕೆ ಕೇಳುತ್ತಿತ್ತು. ಮನೆಯಲ್ಲೂ ಅದೇ ಆಟವಾಗಿತ್ತು. ಬೆಳಗ್ಗೆ ಅವನು ಕೋಣೆಯಲ್ಲಿ ಗಡ್ಡ ಹಾಕಿಕೊಳ್ಳುವಾಗ ಮಗು ಬಾಗಿಲ ಹೊರಗೆ ನಿಂತು "ಅಪ್ಪಣೆಯೇ?" ಎಂದು ಕೂಗುತ್ತದಂತೆ. ಇವನು "ಹೂಂ" ಅಂದ ಮೇಲೆಯೇ ಬಾಗಿಲು ತಳ್ಳುತ್ತದಂತೆ. ಮುಂಚೆ ತಳ್ಳಿದ್ದೇ ಇಲ್ಲ ಎಂದು ಹೇಳಿಕೊಂಡು ಖುಷಿಪಡುತ್ತಿದ್ದ. ನನ್ನ ಗುರುಗಳ ಪಾಠ ಬೆಳ್ಳಾವಿಯವರೆಗೂ ಹೋಯಿತಲ್ಲ ಎಂದು ನಾನೂ ಹಿಗ್ಗಿದೆ.

ಮಳೆಗಾಲದ ಕೊನೆಗೆ ಕುಣಿಗಲ್‌ನಲ್ಲಿ ಒಂದು ಆಟ ಇಟ್ಟರು. ಅಲ್ಲಿನ ಶಾಲೆಯ ಕೊಠಡಿಯಲ್ಲಿ ಅವನ ಗಡ್ಡವನ್ನು ನಾನೇ ತೆಗೆದು ನೋಡಿದೆ. ಹಿಂದಿನ ಸಲ ಅಂಗಡಿಯಲ್ಲಿ ನೋಡಿದಾಗ ಏನೂ ಇರಲಿಲ್ಲ, ಈಗ ಒಳಪದರದ ಮಲ್ ಬಟ್ಟೆ ಕೀವಿಗೆ ಅಂಟಿಕೊಂಡಿತ್ತು. ಸುಟ್ಟ ಚರ್ಮ ಬೆವರುವುದಿಲ್ಲ, ಸುತ್ತಲಿನ ಬೆವರೆಲ್ಲ ಅಲ್ಲಿ ನಿಂತು ಕುದಿಯುತ್ತಿತ್ತು. ಅದರ ಮೇಲೆ ಕೆಮ್ಮು ಬೇರೆ. ಆವತ್ತಿನ ಹಬೆ ಒಳಗೂ ಹೋಗಿದೆ, ಶ್ವಾಸಕೋಶ ಹುಷಾರು ಎಂದು ಡಾಕ್ಟರು ಹೇಳಿದ್ದರಂತೆ. ನನಗೆ ಸಿಟ್ಟು ಬಂತು. ಆಟಕ್ಕೆ ಮಾಡಿಕೊಟ್ಟ ವಸ್ತು, ಬದುಕಲು ಅಲ್ಲ ಎಂದು ಜೋರು ಮಾಡಿದೆ.

"ತಗ್ದು ತೋರ್ಸು ಮಗೀಗೆ," ಎಂದೆ. "ಒಂದ್ಸಲ ಅಳ್ತದೆ. ಆಮೇಲೆ ಸರಿಹೋಯ್ತದೆ."

ಅವನು ಬಟ್ಟೆಯ ತುಂಡನ್ನು ಕೈಯಲ್ಲಿ ಹಿಂಡುತ್ತ ಕೂತಿದ್ದ.

"ಒಂದ್ಸಲ ಅತ್ತಿದ್ದ ನೋಡಿದೀನಿ ಮೇಷ್ಟ್ರೇ. ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ. ಬರೋ ಜೂನ್‌ಗೆ ಸ್ಕೂಲಿಗೆ ಸೇರಿಸ್ತೀನಿ. ವಸಿ ಬುದ್ಧಿ ಬರ್ಲಿ. ಆವಾಗ ನಾನೇ ಕೂರಿಸ್ಕಂಡು ತಗ್ದು ತೋರಿಸ್ತೀನಿ."

ಜೂನ್ ತನಕ ಹುಣ್ಣು ಕಾಯಬೇಕಲ್ಲ. ದಿನಕ್ಕೊಂದು ಬಟ್ಟೆ ಬದಲಾಯಿಸಲು ಹೇಳಿ, ಕಟ್ಟುಗಟ್ಟಲೆ ಮಲ್ ತುಂಡುಗಳನ್ನು ಕುದಿಸಿ ಒಣಗಿಸಿ ಕೊಟ್ಟೆ. ಎಡಗಡೆ ಗಾಳಿಯಾಡಲಿ ಎಂದು ಜಾಲರಿಯನ್ನು ಸ್ವಲ್ಪ ಎತ್ತಿ ಹೊಲಿದೆ. ಇದಕ್ಕಿಂತ ಹೆಚ್ಚಿಗೆ ನನಗೆ ತಿಳಿಯಲಿಲ್ಲ.

ಚಳಿಗಾಲ ಶುರುವಾದಾಗ ಅವನ ಬರುವಿಕೆ ನಿಂತಿತು. ಕೆಲಸ ಹೆಚ್ಚಿರಬೇಕು ಎಂದುಕೊಂಡೆ. ಒಂದು ದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಪಕ್ಕದ ಎಸ್‌ಟಿಡಿ ಬೂತಿನವನು ಫೋನಿದೆ ಎಂದು ಕರೆದ. ಕಾರ್ಯದರ್ಶಿಯ ದನಿ. ಜ್ವರ ಎದೆಗೆ ಇಳಿದು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದರಂತೆ, ಹಿಂದಿನ ದಿನ ತೀರಿಕೊಂಡನಂತೆ. ದೇಹ ಬೆಳ್ಳಾವಿಗೆ ತಂದಿದ್ದಾರೆ, ನೀವು ಪೆಟ್ಟಿಗೆ ತೆಗೆದುಕೊಂಡು ಬರಬೇಕು ಎಂದರು. ಅಂಗಡಿಗೆ ಬಂದು ಪೆಟ್ಟಿಗೆ ಎತ್ತಿಕೊಂಡೆ.

ಸಿಕ್ಕ ಬಸ್ಸು ಹತ್ತಿ ಹೋದೆ. ಮನೆಯ ಮುಂದೆ ಶಾಮಿಯಾನ ಹಾಕಿ, ಚಾಪೆಯ ಮೇಲೆ ಅವನನ್ನು ಮಲಗಿಸಿದ್ದರು. ಆಮ್ಲಜನಕದ ಮುಖವಾಡ ಹಾಕಲು ಆಸ್ಪತ್ರೆಯವರು ಗಡ್ಡ ಬಿಚ್ಚಿದ್ದರು. ಸುಟ್ಟ ಕೆನ್ನೆ ಬಿಸಿಲಿಗೆ ಕಾಣುತ್ತಿತ್ತು. ಬಂದವರೆಲ್ಲ ಬಾಯಿಗೆ ಅಕ್ಕಿ ಹಾಕಿ ಆಗಿತ್ತು. ಮಗಳು ಮಾತ್ರ ಬಾಕಿ. ಆಸ್ಪತ್ರೆಯಲ್ಲಿ ಚಿಕ್ಕ ಮಕ್ಕಳನ್ನು ಒಳಗೆ ಬಿಟ್ಟಿರಲಿಲ್ಲ. ಅವಳು ಬೆಳಗ್ಗೆ ಈ ಮುಖ ನೋಡಿ ಒಳಗೆ ಓಡಿ ಕೋಣೆಯ ಬಾಗಿಲ ಹಿಂದೆ ಸೇರಿಕೊಂಡಿದ್ದಳು. ಇವನು ಕೂತು ಕಥೆ ಹೇಳುತ್ತಿದ್ದ ಕೋಣೆ ಅದು.

ಹೆಂಡತಿ ನನ್ನ ಹತ್ತಿರ ಬಂದು ಪ್ಲಾಸ್ಟಿಕ್ ಕವರು ಕೊಟ್ಟಳು. ಒಳಗೆ ಗಡ್ಡ ಇತ್ತು.

"ಇದು ನಮ್ಮಪ್ಪ ಅಲ್ಲ, ನಮ್ಮಪ್ಪ ಆಸ್ಪತ್ರೇಲವ್ನೆ ಅಂತಾಳೆ ಅಣ್ಣ," ಅಂದಳು. "ಇರೋಳು ಒಬ್ಳೇ ಮಗ್ಳು. ಅವ್ಳ ಕೈಯಿಂದ ಒಂದು ಕಾಳು ಅಕ್ಕಿ ಬೀಳ್ದಂಗೆ ಹೆಂಗೆ ಕಳಿಸ್ಲಿ? ಇದ್ನ ಹಾಕ್ಬುಡಿ."

ಹಿರಿಯರೊಬ್ಬರು ಮಗುವನ್ನು ಎತ್ತಿಕೊಂಡು ಬರೋಣ ಎಂದಿದ್ದರಂತೆ, ತಾಯಿ ಬಿಟ್ಟಿರಲಿಲ್ಲ. ಮಣ್ಣು ಮಾಡುವ ಹೊತ್ತಾಗುತ್ತಿದೆ ಎಂದು ಗಂಡಸರು ಗೊಣಗುತ್ತಿದ್ದರು. ನಾನು ಅವನ ತಲೆಯ ಹತ್ತಿರ ಕೂತು ಪೆಟ್ಟಿಗೆ ತೆರೆದೆ. ಗಡ್ಡವನ್ನು ಬಾಚಿ, ಸಿಕ್ಕು ಬಿಡಿಸಿ, ಹೊಸ ಮಲ್ ಬಟ್ಟೆ ಇಟ್ಟೆ. ಗಮ್ ಬಾಟಲಿಯ ಮುಚ್ಚಳ ತೆಗೆದು ಬ್ರಷ್ಷು ಅದ್ದಿ, ಬಲಗೆನ್ನೆಯ ಹತ್ತಿರ ಹಿಡಿದೆ. ಯೋಚನೆ ಮಾಡಿ ಆಡಿದ ಮಾತಲ್ಲ, ಅಭ್ಯಾಸಕ್ಕೆ ಬಾಯಿಂದ ಬಂದುಬಿಟ್ಟಿತು.

"ಅಪ್ಪಣೆಯೇ?"

ಕೈ ಮುಂದೆ ಹೋಗಲಿಲ್ಲ. ಹೆಂಡತಿ, ಹಾಕಿ ಅಣ್ಣ, ಹಾಕಿ ಎಂದು ಪಿಸುಗುಟ್ಟುತ್ತಿದ್ದಳು. ಅವಳ ಮಾತು ನ್ಯಾಯವಾದದ್ದೇ. ಆದರೆ ಮುಖ ಅವಳದಲ್ಲ. ಬ್ರಷ್ಷಿನ ತುದಿಯಲ್ಲಿ ಗಮ್ ಆರುತ್ತಿತ್ತು.

ಒಳಗೆ ಬಾಗಿಲು ಕಿರ್ ಎಂದಿತು. ಮಗು ಹೊಸ್ತಿಲಿಗೆ ಬಂದು ನಿಂತಿತ್ತು. ನನ್ನನ್ನು ನೋಡಿತು, ನನ್ನ ಪೆಟ್ಟಿಗೆ ನೋಡಿತು, ನನ್ನ ತೊಡೆಯ ಮೇಲಿದ್ದ ಗಡ್ಡ ನೋಡಿತು. ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದು ನನ್ನ ಭುಜ ಹಿಡಿದು ನಿಂತುಕೊಂಡಿತು. ಅವನ ತುಟಿಯನ್ನೇ ನೋಡುತ್ತಿತ್ತು. ಅದೂ ಉತ್ತರ ಕಾಯುತ್ತಿದೆ ಎಂದು ನನಗೆ ಆಗ ತಿಳಿಯಿತು.

ಎಷ್ಟು ಹೊತ್ತು ಕಾದರೂ ದನಿ ಬರಲಿಲ್ಲ. ಕೊನೆಗೆ ಮಗುವೇ ಬಗ್ಗಿ ಅವನ ಕಿವಿಯ ಹತ್ತಿರ ಕೇಳಿತು, ಮೆಲ್ಲಗೆ, ಬಾಗಿಲ ಹೊರಗೆ ನಿಂತು ದಿನಾ ಕೇಳುತ್ತಿದ್ದ ಹಾಗೆ.

"ಅಪ್ಪಣೆಯೇ?"

ಮಗು ಕಾಯಿತು. ಆಮೇಲೆ ನನ್ನ ಕಡೆ ತಿರುಗಿತು.

"ಹಾಕ್‌ಬ್ಯಾಡ ತಾತ," ಅಂತು. "ಅಪ್ಪ ಹೂಂ ಅನ್ನಲಿಲ್ಲ."

ನಾನು ಬ್ರಷ್ಷನ್ನು ಬಾಟಲಿಗೆ ಇಟ್ಟೆ. ಮಗು ಅಲ್ಲೇ ಚಾಪೆಯ ಅಂಚಿನಲ್ಲಿ ಕೂತು ಆ ಮುಖವನ್ನು ನೋಡಿತು. ಹಣೆ ನೋಡಿತು, ಬಲಗೆನ್ನೆ ನೋಡಿತು, ಆಮೇಲೆ ಎಡಗೆನ್ನೆ. ಗಂಟುಗಂಟಾದ ಚರ್ಮದ ಮೇಲೆ ಬೆರಳಿಟ್ಟು, ನೋವಾಯಿತೇನೋ ಎಂದು ತಟ್ಟನೆ ತೆಗೆದು, ಮತ್ತೆ ಇಟ್ಟಿತು. ಅಳಲಿಲ್ಲ, ಓಡಲಿಲ್ಲ. ತಾಯಿ ಅಂಗೈಗೆ ಅಕ್ಕಿ ಹಾಕಿದಳು. ಎಳೆದು ಜಾರಿದ ಆ ಬಾಯಿಯ ಮೂಲೆಯಿಂದ ಕಾಳು ಹೊರಗೆ ಬಿದ್ದಾಗ, ಮಗು ಅದನ್ನು ಹೆಕ್ಕಿ ಮ‌ತ್ತೆ ಒಳಗಿಟ್ಟಿತು.

ಗಡ್ಡವನ್ನು ನಾನು ಪೆಟ್ಟಿಗೆಗೆ ಹಾಕಿಕೊಂಡೆ. ಎತ್ತುವ ಹೊತ್ತಾಗುವವರೆಗೂ ಅವಳು ಅಪ್ಪನ ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಆ ಕೈ ತಾಗಿದ್ದು ಅವನಿಗೆ ತಿಳಿಯದೆಯೇ ಹೋಯಿತಲ್ಲ ಎಂಬ ಸಂಕಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.